ಮನೆಗೆ ಬಂದ ಬೆಕ್ಕು

ಮನುಷ್ಯನು ಪ್ರಾಣಿಗಳನ್ನು ಪಳಗಿಸಿದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಮನುಷ್ಯನ ಸಾಹಸದ ಚರಿತ್ರೆಯೆಂದೇ ಓದುತ್ತೇವೆ. ಅವನು ಕಾಡುದನವನ್ನು ಹಿಡಿದು ಕೊಟ್ಟಿಗೆಯಲ್ಲಿ ಕಟ್ಟಿದನು; ಕುದುರೆಯ ಬಾಯಿಗೆ ಕಡಿವಾಣವನ್ನಿಟ್ಟನು; ಕುರಿಮೇಕೆಗಳನ್ನು ದೊಡ್ಡಿಗೆ ಕೂಡಿದನು; ತೋಳದ ವಂಶದ ಪ್ರಾಣಿಯೊಂದನ್ನು ನಾಯಿಯನ್ನಾಗಿ ಮಾಡಿಕೊಂಡನು. ಈ ಪಟ್ಟಿಯಲ್ಲಿ ಸರಿಯಾಗಿ ಹೊಂದಿಕೊಳ್ಳದ ಹೆಸರು ಒಂದಿದೆ, ಅದು ಬೆಕ್ಕು. ಬೆಕ್ಕಿಗೆ ನೊಗವಿಲ್ಲ, ಹಗ್ಗವಿಲ್ಲ, ಕೊಟ್ಟಿಗೆಯಿಲ್ಲ. ಅದು ಹಾಲು ಕೊಡುವುದಿಲ್ಲ, ಕುಡಿಯುತ್ತದೆ. ಕರೆದರೆ ಬರುವುದೂ ಉಂಟು, ಬಾರದಿರುವುದೂ ಉಂಟು. ಹೀಗಿದ್ದರೂ ಒಲೆಯ ಪಕ್ಕದ ಬೆಚ್ಚನೆಯ ಜಾಗ, ಎಂದರೆ ಮಳೆಗಾಲದಲ್ಲಿ ಮನೆಯಲ್ಲೆಲ್ಲ ಉತ್ತಮವಾದ ಜಾಗ, ಅದಕ್ಕೆ ಸಲ್ಲುತ್ತ ಬಂದಿದೆ. ಇಂಥ ಪ್ರಾಣಿ ನಮ್ಮ ಮನೆಯನ್ನು ಸೇರಿದುದು ಹೇಗೆ, ಅದನ್ನು ನಾವು ಸಾಕಲು ತೊಡಗಿದುದು ಹೇಗೆ, ಹಾಗೆ ತೊಡಗಿದುದರಿಂದ ನಮ್ಮ ಮೇಲೆ ಬಿದ್ದಿರುವ ಹೊಣೆ ಯಾವುದು ಎಂಬ ಮೂರು ಪ್ರಶ್ನೆಗಳನ್ನು ಈ ಹೊತ್ತು ತಮ್ಮ ಮುಂದೆ ಇಡಬೇಕೆಂದು ನನ್ನ ಅಪೇಕ್ಷೆ.

ವಿಷಯವನ್ನು ಗ್ರಂಥಗಳಿಂದ ಪ್ರಾರಂಭಿಸುವುದಕ್ಕಿಂತ ಒಂದು ಊರಿನಿಂದ ಪ್ರಾರಂಭಿಸುವುದು ಅನುಕೂಲ. ಹಾಸನ ಜಿಲ್ಲೆಯ ಸಕಲೇಶಪುರದಿಂದ ಬಿಸಿಲೆ ಘಟ್ಟದ ಕಡೆಗೆ ಹೋಗುವ ದಾರಿಯಲ್ಲಿ ಹೆತ್ತೂರು ಎಂಬ ಹೋಬಳಿಯ ಊರು ಇದೆ. ಸಕಲೇಶಪುರ ತಾಲ್ಲೂಕಿಗೆ ಮೈಸೂರು ಸಂಸ್ಥಾನದ ಕಾಲದಲ್ಲಿ ಮಂಜರಾಬಾದ್ ಎಂದು ಹೆಸರಿದ್ದುದು ತಮಗೆ ತಿಳಿದೇ ಇದೆ. ಅಲ್ಲಿ ಗುಡ್ಡದ ಇಳಿಜಾರಿನಲ್ಲಿ ಕಾಫಿ, ತಂಪಾದ ಕಾಡಿನ ನೆರಳಿನಲ್ಲಿ ಏಲಕ್ಕಿ, ತಗ್ಗಿನಲ್ಲಿ ಬತ್ತದ ಗದ್ದೆ. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೆ ಸಂಪೂರ್ಣವಾಗಿ ಬಿಡುವುದೆಂಬುದಿಲ್ಲ. ಮನೆಗಳು ಒಂದಕ್ಕೊಂದು ಅಂಟಿಕೊಂಡು ಬೀದಿಯಾಗುವುದು ಕಡಮೆ. ತೋಟದ ನಡುವೆ, ಗದ್ದೆಯ ಅಂಚಿನಲ್ಲಿ, ಒಂಟಿಮನೆಗಳೇ ಹೆಚ್ಚು. ಹಳೆಯ ಕಾಲದ ಮನೆಯೆಂದರೆ ಕೆಳಗೆ ಕಣಜ, ಮೇಲೆ ಅಟ್ಟ, ಹಿಂದೆ ಬಚ್ಚಲ ಒಲೆ. ವರ್ಷಕ್ಕೆ ಒಂದೇ ಬೆಳೆಯ ಬತ್ತವನ್ನು ಕೊಯ್ದು ತಂದು, ಮುಂದಿನ ಕುಯ್ಲಿನವರೆಗೆ ಮನೆಮಂದಿಗೂ ಆಳುಕಾಳುಗಳಿಗೂ ಬೀಜಕ್ಕೂ ಆಗುವಂತೆ ಕಣಜದಲ್ಲಿ ಕಾಪಾಡಬೇಕು. ಮಳೆಗಾಲದ ನಾಲ್ಕು ತಿಂಗಳಿಗೆಂದು ಹಪ್ಪಳ, ಹುಣಿಸೆಹಣ್ಣು, ಕಾಳುಕಡಿಗಳನ್ನು ಅಟ್ಟದ ಮೇಲೆ ಇಡಬೇಕು.

ಧಾನ್ಯವನ್ನು ಕೂಡಿಟ್ಟ ಕಡೆ ಇಲಿ ಬರುವುದಕ್ಕೆ ಆಹ್ವಾನ ಬೇಕಾಗಿಲ್ಲ. ಗದ್ದೆಯ ಬದುವಿನಲ್ಲಿ ಬಿಲ ತೋಡಿಕೊಂಡಿರುವ ಹೆಗ್ಗಣವು ಕುಯ್ಲಿನ ಹಿಂದೆಯೇ ಮನೆಯ ಗೋಡೆಯ ಬುಡಕ್ಕೆ ಬರುತ್ತದೆ. ಕಪ್ಪು ಮನೆಯಿಲಿ ಹೆಂಚಿನ ಕೆಳಗಿನ ತೊಲೆಗಳ ಮೇಲೆ ನಡೆದು ಅಟ್ಟವನ್ನು ಸೇರುತ್ತದೆ. ಮನೆಯಿಲಿಯ ಗರ್ಭದ ಅವಧಿ ಸುಮಾರು ಮೂರು ವಾರ; ಒಂದು ಸೂಲಿಗೆ ಆರೇಳು ಮರಿಗಳು; ಆ ಮರಿಗಳು ಮೂರು ನಾಲ್ಕು ತಿಂಗಳಲ್ಲಿ ತಾವೂ ಮರಿಹಾಕಲು ಸಮರ್ಥವಾಗುವುವು. ಈ ಲೆಕ್ಕವನ್ನು ಮಾಘಮಾಸದ ತುಂಬಿದ ಕಣಜದಿಂದ ಆಷಾಢದವರೆಗೆ ಗುಣಿಸಿ ನೋಡಿದರೆ, ಮಲೆನಾಡಿನ ಗೃಹಿಣಿಯು ಬೆಕ್ಕನ್ನು ಏಕೆ ಮನೆಯ ಒಬ್ಬ ಆಳೆಂದು ಎಣಿಸುತ್ತಿದ್ದಳೆಂಬುದು ಅರ್ಥವಾಗುತ್ತದೆ. ಇಲಿಯನ್ನೇ ನಂಬಿ ಬದುಕುವ ಬೆಕ್ಕಿಗೆ ದಿನವೊಂದಕ್ಕೆ ಎಂಟು ಹತ್ತು ಚಿಕ್ಕ ಬೇಟೆಗಳು ಬೇಕು. ಅದು ಹೊಟ್ಟೆ ತುಂಬಿದ್ದಾಗಲೂ ಬೇಟೆಯಾಡುವುದನ್ನು ಬಿಡುವುದಿಲ್ಲ. ಈ ಗುಣವು ಕಣಜದ ಯಜಮಾನನಿಗೆ ಒಪ್ಪಿದ ಗುಣ.

ಇಂಥ ಮನೆಗೆ ಬೆಕ್ಕು ಬರುವ ದಾರಿಗಳು ಮೂರು. ಮೊದಲನೆಯದು, ತಾನಾಗಿ ಬರುವುದು. ಒಂದು ಸಂಜೆ ಹಿತ್ತಲಿನ ಸೌದೆಯ ಒಟ್ಟಿಲ ಮೇಲೆ ಕಾಣಿಸಿಕೊಳ್ಳುತ್ತದೆ. ಮರುದಿನ ಅಡಿಗೆಮನೆಯ ಹೊಸ್ತಿಲ ಹೊರಗೆ. ಮೂರನೆಯ ದಿನ ಹೊಸ್ತಿಲ ಒಳಗೆ. ಯಾರೂ ಅದನ್ನು ಕರೆಯಲಿಲ್ಲ, ಯಾರೂ ಅದನ್ನು ಅಟ್ಟಲಿಲ್ಲ. ತಿಂಗಳು ಕಳೆಯುವುದರೊಳಗೆ ಅದು "ನಮ್ಮ ಬೆಕ್ಕು" ಆಗಿರುತ್ತದೆ. ಎರಡನೆಯದು, ಕೇಳಿ ತರುವುದು. ಹಳ್ಳಿಗಳಲ್ಲಿ ಬೆಕ್ಕಿಗೆ ಬೆಲೆ ಕಟ್ಟುವ ವಾಡಿಕೆ ಸಾಮಾನ್ಯವಾಗಿ ಇಲ್ಲ. "ಅಕ್ಕಾ, ನಿಮ್ಮ ಕೊತ್ತಿ ಈ ಸಲ ಮರಿ ಹಾಕಿದ್ರೆ ನಮಗೊಂದು ಇಡಿ, ಇಲಿ ಕಾಟ ತಡೆಯೋಕಾಗ್ತಿಲ್ಲ" ಎಂದು ನೆರೆಮನೆಯವಳು ಮೊದಲೇ ಹೇಳಿಟ್ಟಿರುತ್ತಾಳೆ. ಮರಿ ದೊಡ್ಡದಾದ ಮೇಲೆ ಅದನ್ನು ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ದಾರಿ ಕಾಣದಂತೆ ಕೊಂಡೊಯ್ಯುತ್ತಾರೆ. ಮೂರನೆಯದು, ಮನೆಯಲ್ಲಿಯೇ ಹುಟ್ಟುವುದು. ತಾಯಿಬೆಕ್ಕು ಅಟ್ಟದ ಮೂಲೆಯ ಹಳೆಯ ಬುಟ್ಟಿಯಲ್ಲಿ ಮರಿ ಹಾಕಿ, ಕೆಲವು ದಿನಗಳಲ್ಲಿ ಒಂದೊಂದನ್ನೇ ಕತ್ತಿನಲ್ಲಿ ಕಚ್ಚಿಕೊಂಡು ಬೇರೆ ಜಾಗಕ್ಕೆ ಸಾಗಿಸುತ್ತದೆ. ಬೆಕ್ಕು ತನ್ನ ಮರಿಗಳಿಗೆ ಏಳು ಮನೆ ತೋರಿಸುತ್ತದೆ ಎಂದು ನಮ್ಮ ಹಿರಿಯರು ಹೇಳುವುದು ಇದನ್ನೇ. ಮರಿಗಳ ವಾಸನೆ ನೆಲೆಗೊಂಡ ಜಾಗವನ್ನು ಶತ್ರುಗಳು ಕಂಡುಹಿಡಿಯುವುದು ಸುಲಭವಾದುದರಿಂದ, ಕಾಡಿನ ಬೆಕ್ಕು ನಡೆಸುವ ಈ ಎಚ್ಚರಿಕೆಯನ್ನು ಮನೆಯ ಬೆಕ್ಕು ಇನ್ನೂ ಮರೆತಿಲ್ಲ.

ಹೆತ್ತೂರಿನ ಕಡೆಯ ಈ ಮೂರು ದಾರಿಗಳಲ್ಲಿ ಮೊದಲನೆಯದೇ ಜಗತ್ತಿನ ಬೆಕ್ಕುಗಳೆಲ್ಲವೂ ಮನುಷ್ಯನ ಬಳಿಗೆ ಬಂದ ದಾರಿ ಎಂಬುದು ಈಚಿನ ವಿಜ್ಞಾನದ ಅಭಿಪ್ರಾಯ. 2007ರಲ್ಲಿ ಕಾರ್ಲೋಸ್ ಡ್ರಿಸ್ಕಾಲ್ ಎಂಬವರೂ ಅವರ ಸಹೋದ್ಯೋಗಿಗಳೂ ಮೂರು ಖಂಡಗಳಿಂದ ಕೂಡಿಸಿದ 979 ಕಾಡು ಮತ್ತು ಮನೆಬೆಕ್ಕುಗಳ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಯೂರೋಪಿನಲ್ಲಿಯೂ ದಕ್ಷಿಣ ಆಫ್ರಿಕದಲ್ಲಿಯೂ ಮಧ್ಯ ಏಷ್ಯದಲ್ಲಿಯೂ ಕಾಡುಬೆಕ್ಕುಗಳ ಬೇರೆ ಬೇರೆ ಬಳಗಗಳಿವೆ. ನಮ್ಮ ರಾಜಸ್ಥಾನ ಮತ್ತು ಕಚ್ಛದ ಮರುಭೂಮಿಯಲ್ಲಿಯೂ ಒಂದು ಬಳಗವಿದೆ. ಆದರೆ ಲಂಡನ್ನಿನ ಮನೆಬೆಕ್ಕಾಗಲಿ, ಟೋಕಿಯೋ ನಗರದ ಮನೆಬೆಕ್ಕಾಗಲಿ, ಹೆತ್ತೂರಿನ ಬಚ್ಚಲ ಒಲೆಯ ಬೂದಿಯಲ್ಲಿ ಮಲಗುವ ಬೆಕ್ಕಾಗಲಿ, ಇವುಗಳ ಸಂತತಿ ಹುಟ್ಟಿದುದು ಆ ಬಳಗಗಳಿಂದಲ್ಲ. ಪಶ್ಚಿಮ ಏಷ್ಯ ಮತ್ತು ಉತ್ತರ ಆಫ್ರಿಕಗಳ ಒಣನಾಡಿನ ಕಾಡುಬೆಕ್ಕೇ ಇವೆಲ್ಲಕ್ಕೂ ಮೂಲಪುರುಷ.

ಆ ನಾಡೇ ಏಕೆ ಎಂಬುದಕ್ಕೆ ಉತ್ತರ ಕಣಜದಲ್ಲಿದೆ. ಸುಮಾರು 10,000 ವರ್ಷಗಳ ಹಿಂದೆ ಗೋಧಿ ಮತ್ತು ಜವೆಗಳ ವ್ಯವಸಾಯವು ಮೊದಲು ನೆಲೆಗೊಂಡ ಪ್ರದೇಶಗಳಲ್ಲಿ ಅದೂ ಒಂದು. ವ್ಯವಸಾಯ ಬಂದೊಡನೆ ಧಾನ್ಯದ ಸಂಗ್ರಹ ಬಂದಿತು. ಸಂಗ್ರಹದ ಹಿಂದೆ ಇಲಿ ಬಂದಿತು. ಇಲಿಯ ಹಿಂದೆ ಬೆಕ್ಕು ಬಂದಿತು. ಮನುಷ್ಯನ ವಾಸನೆಗೆ ಹೆಚ್ಚು ಹೆದರುತ್ತಿದ್ದ ಬೆಕ್ಕುಗಳು ಊರಿನ ಹೊರಗೇ ಉಳಿದುವು. ಸ್ವಲ್ಪ ಕಡಮೆ ಹೆದರುತ್ತಿದ್ದುವು ಕಣಜದ ಬಳಿಗೆ ಬಂದು ಹೊಟ್ಟೆ ತುಂಬಿಸಿಕೊಂಡು ಹೆಚ್ಚು ಮರಿಗಳನ್ನು ಬೆಳೆಸಿದುವು. ಹೀಗೆ ತಲೆಮಾರಿನಿಂದ ತಲೆಮಾರಿಗೆ ಧೈರ್ಯವಂತವಾದುವು ಉಳಿಯುತ್ತ ಬಂದುವು. ಆರಿಸಿದವರು ಯಾರೂ ಇಲ್ಲ. ಆಯ್ಕೆ ಮಾತ್ರ ನಡೆಯಿತು.

ಆದರೆ ಪ್ರಯೋಜನದ ಸಂಬಂಧ ಎಷ್ಟು ಬೇಗ ಅಕ್ಕರೆಯ ಸಂಬಂಧವಾಗಿರಬಹುದೆಂಬುದಕ್ಕೆ ಒಂದು ಮನೋಹರವಾದ ಸಾಕ್ಷ್ಯವಿದೆ. ಸೈಪ್ರಸ್ ದ್ವೀಪದ ಶಿಲ್ಲೂರೊಕಾಂಬೋಸ್ ಎಂಬ ಪ್ರಾಚೀನ ಹಳ್ಳಿಯ ಉತ್ಖನನದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಒಂದು ಸಮಾಧಿ ದೊರೆಯಿತು. ಅದರ ವಿವರವನ್ನು ಫ್ರಾನ್ಸಿನ ಪುರಾತತ್ತ್ವಜ್ಞರು 2004ರಲ್ಲಿ ಪ್ರಕಟಿಸಿದರು. ಸಮಾಧಿಯಲ್ಲಿ ಒಬ್ಬ ಮನುಷ್ಯ. ಅವನಿಂದ ಕೇವಲ 40 ಸೆಂಟಿಮೀಟರ್ ದೂರದಲ್ಲಿ, ಪ್ರತ್ಯೇಕವಾದ ಪುಟ್ಟ ಗುಣಿಯಲ್ಲಿ, ಸುಮಾರು ಎಂಟು ತಿಂಗಳ ಒಂದು ಬೆಕ್ಕು. ಸೈಪ್ರಸ್ಸಿನಲ್ಲಿ ಸ್ವಭಾವತಃ ಕಾಡುಬೆಕ್ಕುಗಳಿರಲಿಲ್ಲ. ಆದುದರಿಂದ ಯಾರೋ ಅದರ ಪೂರ್ವಿಕರನ್ನು ದೋಣಿಯಲ್ಲಿ ಕೂರಿಸಿಕೊಂಡು ಸಮುದ್ರವನ್ನು ದಾಟಿಸಿರಬೇಕು. ಇಲಿ ಹಿಡಿಯುವ ಆಳಿಗೆ ಯಜಮಾನನ ಪಕ್ಕದಲ್ಲಿ ಸಮಾಧಿ ದೊರೆಯುವುದಿಲ್ಲ. ಅಲ್ಲಿ ಬೇರೊಂದು ಭಾವನೆ ಹುಟ್ಟಿತ್ತೆಂದು ಊಹಿಸುವುದು ತಪ್ಪಾಗಲಾರದು.

ಈಜಿಪ್ಟಿನಲ್ಲಿ ಆ ಭಾವನೆ ಭಕ್ತಿಯೇ ಆಯಿತು. ಅಲ್ಲಿಯ ಬಾಸ್ಟೆಟ್ ದೇವಿಗೆ ಬೆಕ್ಕಿನ ಮುಖ. ಮನೆಯ ಬೆಕ್ಕು ಸತ್ತರೆ ಮನೆಯವರೆಲ್ಲರೂ ಹುಬ್ಬು ಬೋಳಿಸಿಕೊಳ್ಳುತ್ತಿದ್ದರೆಂದು ಗ್ರೀಕ್ ಚರಿತ್ರಕಾರ ಹೆರೊಡೋಟಸನು ಬರೆದಿದ್ದಾನೆ. ಅಲ್ಲಿಂದ ಮುಂದೆ ಬೆಕ್ಕು ಹಡಗಿನ ಪ್ರಾಣಿಯಾಗಿ ಲೋಕಸಂಚಾರಕ್ಕೆ ಹೊರಟಿತು. ಉತ್ತರ ಆಫ್ರಿಕದ ಬೆಕ್ಕುಗಳು ಯೂರೋಪಿನಲ್ಲಿ ನೆಲೆಯೂರಿದುದು ಸುಮಾರು 2,000 ವರ್ಷಗಳ ಹಿಂದೆ ಎಂದು 2025ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ.

ನಮ್ಮ ಉಪಖಂಡದ ಮಟ್ಟಿಗೆ, ಸಿಂಧೂ ಕಣಿವೆಯ ಚನ್ಹುದಾರೋ ಎಂಬಲ್ಲಿ ದೊರೆತ ಒಂದು ಇಟ್ಟಿಗೆ ಪ್ರಸಿದ್ಧವಾಗಿದೆ. ಹಸಿಯ ಇಟ್ಟಿಗೆಯನ್ನು ಒಣಗಲಿಟ್ಟಿದ್ದಾಗ ಅದರ ಮೇಲೆ ಒಂದು ಬೆಕ್ಕು ಓಡಿದೆ, ಹಿಂದೆಯೇ ಒಂದು ನಾಯಿ ಓಡಿದೆ. ಎರಡರ ಹೆಜ್ಜೆಗಳೂ ನಾಲ್ಕು ಸಾವಿರ ವರ್ಷಗಳಿಂದ ಹಾಗೆಯೇ ಉಳಿದಿವೆ. ಆ ಓಟದಲ್ಲಿ ಗೆದ್ದವರಾರೆಂಬುದನ್ನು ಇಟ್ಟಿಗೆ ಹೇಳುವುದಿಲ್ಲ. ಸಂಸ್ಕೃತದಲ್ಲಿ ಬೆಕ್ಕಿಗೆ ಮಾರ್ಜಾರವೆಂದು ಹೆಸರು. ಶುಚಿಮಾಡುವುದು ಎಂಬ ಅರ್ಥದ 'ಮೃಜ್' ಧಾತುವಿನಿಂದ ಅದು ಬಂದಿದೆ. ಸದಾ ಮೈಯನ್ನು ನೆಕ್ಕಿ ಶುಚಿಯಾಗಿಟ್ಟುಕೊಳ್ಳುವ ಪ್ರಾಣಿಯನ್ನು ಹತ್ತಿರದಿಂದ ನೋಡಿದವರು ಇಟ್ಟ ಹೆಸರು ಇದು. ನಮ್ಮ ಕನ್ನಡದ 'ಬೆಕ್ಕು' ಬೇರೊಂದು ಕಥೆಯನ್ನು ಹೇಳುತ್ತದೆ. ಇದು ತಮಿಳು ಮತ್ತು ಮಲೆಯಾಳಗಳ 'ವೆರುಗು' ಎಂಬ ಮಾತಿನ ನಂಟು. ಆ ಮಾತಿಗೆ ತಮಿಳಿನಲ್ಲಿ ಕಾಡುಬೆಕ್ಕೆಂಬ ಅರ್ಥವುಂಟು. ಮಲೆಯಾಳದಲ್ಲಿ ಅದು ಪುನುಗಿನ ಬೆಕ್ಕಿಗೆ ಹೆಸರು. ಎಂದರೆ, ಹೊರನಾಡಿನಿಂದ ಬಂದ ಸಾಧುಪ್ರಾಣಿಗೆ ನಮ್ಮ ಪೂರ್ವಿಕರು ತಮ್ಮ ಕಾಡಿನಲ್ಲಿ ತಮಗೆ ಮೊದಲೇ ಪರಿಚಯವಾಗಿದ್ದ ಪ್ರಾಣಿಯ ಹೆಸರನ್ನೇ ಕೊಟ್ಟಂತೆ ಕಾಣುತ್ತದೆ.

ಆದರೆ ಹೆಸರಿನಲ್ಲಿದ್ದ ವಿಶ್ವಾಸ ನಡತೆಯ ವಿಷಯದಲ್ಲಿ ಇರಲಿಲ್ಲ. ಗಂಗಾತೀರದಲ್ಲಿ ತಪಸ್ಸಿಗೆ ನಿಂತು ಇಲಿಗಳನ್ನು ನುಂಗುತ್ತಿದ್ದ ಕಪಟ ಬೆಕ್ಕಿನ ಕಥೆ ಮಹಾಭಾರತದ ಉದ್ಯೋಗಪರ್ವದಲ್ಲಿದೆ. ಮಹಾಬಲಿಪುರದ ದೊಡ್ಡ ಶಿಲ್ಪಬಂಡೆಯಲ್ಲಿ ತಪಸ್ವಿ ಬೆಕ್ಕನ್ನೂ ಅದರ ಕಾಲ ಬಳಿ ಇರುವ ಇಲಿಗಳನ್ನೂ ತಮ್ಮಲ್ಲಿ ಅನೇಕರು ನೋಡಿರಬಹುದು. ಇಷ್ಟು ಅಪಖ್ಯಾತಿಯ ಪ್ರಾಣಿಯಾದರೂ ಅದನ್ನು ಕೊಲ್ಲುವುದನ್ನು ಧರ್ಮಶಾಸ್ತ್ರವು ಒಪ್ಪಲಿಲ್ಲ. ಬೆಕ್ಕನ್ನು ಕೊಂದವನಿಗೆ ಮನುಸ್ಮೃತಿಯು ಪ್ರಾಯಶ್ಚಿತ್ತವನ್ನು ವಿಧಿಸುತ್ತದೆ. ಬೆಕ್ಕನ್ನು ಕೊಂದರೆ ಚಿನ್ನದ ಬೆಕ್ಕನ್ನು ಮಾಡಿಸಿ ದಾನಕೊಡಬೇಕೆಂದು ನಮ್ಮ ಹಳ್ಳಿಗಳಲ್ಲಿ ಹೇಳುವ ಮಾತು ಆ ಪ್ರಾಯಶ್ಚಿತ್ತದ ಜನಪ್ರಿಯ ರೂಪವಿರಬೇಕು. ಕಣಜವಿರುವ ಸಮಾಜಕ್ಕೆ ಈ ಭಯದಿಂದ ಲಾಭವಾಯಿತೇ ಹೊರತು ನಷ್ಟವಾಗಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹೆತ್ತೂರಿನ ಕಾಡಿನಲ್ಲಿಯೂ ಬೆಕ್ಕಿನ ಜಾತಿಯ ಪ್ರಾಣಿಗಳಿವೆಯಷ್ಟೆ. ಅವೇ ಏಕೆ ಮನೆಯ ಬೆಕ್ಕಾಗಲಿಲ್ಲ? ಈ ಪೈಕಿ ಪುನುಗಿನ ಬೆಕ್ಕನ್ನು ಲೆಕ್ಕದಿಂದ ಬಿಡಬೇಕು. ಕಾಫಿಯ ಹಣ್ಣನ್ನು ತಿಂದು ಬೀಜವನ್ನು ತೋಟದ ದಾರಿಯಲ್ಲಿ ಉದುರಿಸಿ ಹೋಗುವ ಆ ಪ್ರಾಣಿ ಹೆಸರಿಗೆ ಬೆಕ್ಕಾದರೂ ಬೇರೆ ಕುಟುಂಬಕ್ಕೆ ಸೇರಿದುದು. ನಿಜವಾದ ಬೆಕ್ಕಿನ ಕುಟುಂಬದಲ್ಲಿ ಮನೆಬೆಕ್ಕಿನ ಗಾತ್ರವನ್ನೇ ಹೋಲುವುದು ಚಿರತೆಬೆಕ್ಕು. ಮೈಮೇಲೆ ಚಿರತೆಯಂತೆ ಮಚ್ಚೆಗಳಿರುವ ಈ ಪ್ರಾಣಿ ಪಶ್ಚಿಮಘಟ್ಟದ ಕಾಡಿನಲ್ಲಿಯೂ ಕಾಫಿತೋಟಗಳಲ್ಲಿಯೂ ರಾತ್ರಿ ಸಂಚರಿಸಿ ಇಲಿಗಳನ್ನು ತಿನ್ನುತ್ತದೆ.

ಈ ಚಿರತೆಬೆಕ್ಕಿಗೂ ಒಮ್ಮೆ ಅವಕಾಶ ದೊರೆತಿತ್ತು ಎಂಬುದು ಕುತೂಹಲಕರವಾದ ಸಂಗತಿ. ಚೀನದೇಶದ ಚ್ವಾನ್‌ಹೂ ಎಂಬ ಹಳ್ಳಿಯ ಬಳಿ ಸುಮಾರು 5,300 ವರ್ಷಗಳ ಹಿಂದಿನ ಬೆಕ್ಕಿನ ಎಲುಬುಗಳು ದೊರೆತುವು. ಎಲುಬಿನ ರಾಸಾಯನಿಕ ಪರೀಕ್ಷೆಯನ್ನು ನಡೆಸಿ, ರೈತರು ಬೆಳೆದ ಸಿರಿಧಾನ್ಯವನ್ನು ತಿಂದ ಪ್ರಾಣಿಗಳನ್ನು ಈ ಬೆಕ್ಕುಗಳು ತಿನ್ನುತ್ತಿದ್ದುವೆಂದು 2013ರಲ್ಲಿ ವಿದ್ವಾಂಸರು ತೋರಿಸಿದರು. ಚೀನದ ಮನೆಬೆಕ್ಕಿನ ಹುಟ್ಟು ಇದೇ ಎಂದು ಎಲ್ಲರೂ ಭಾವಿಸುತ್ತಿರುವಾಗ, 2016ರಲ್ಲಿ ಎಲುಬಿನ ಆಕಾರವನ್ನು ಸೂಕ್ಷ್ಮವಾಗಿ ಅಳೆದು ನೋಡಲಾಗಿ ಅವು ಚಿರತೆಬೆಕ್ಕಿನವೆಂದು ಗೊತ್ತಾಯಿತು. 2025ರ ಸಂಶೋಧನೆಯು ಕಥೆಯನ್ನು ಪೂರ್ಣಗೊಳಿಸಿತು. ಚಿರತೆಬೆಕ್ಕು ಚೀನದ ಹಳ್ಳಿಗಳ ಬಳಿ 3,000 ವರ್ಷಗಳಿಗೂ ಹೆಚ್ಚು ಕಾಲ ಬಾಳಿ, ಬಳಿಕ ಕಾಡಿಗೆ ಹಿಂದಿರುಗಿತು. ನಮ್ಮ ಪರಿಚಯದ ಮನೆಬೆಕ್ಕು ವ್ಯಾಪಾರಿಗಳೊಡನೆ ಪಶ್ಚಿಮದಿಂದ ಅಲ್ಲಿಗೆ ಬಂದುದು ಸುಮಾರು 1,400 ವರ್ಷಗಳ ಹಿಂದೆ ಮಾತ್ರ. ಧಾನ್ಯವೂ ಇಲಿಯೂ ಇದ್ದರೆ ಬೆಕ್ಕು ಊರಿನ ಅಂಚಿಗೆ ಬರುತ್ತದೆ. ಆದರೆ ಅಂಚಿನಿಂದ ಒಲೆಯ ಬಳಿಗೆ ಬರಬೇಕಾದರೆ ಆ ಜಾತಿಯ ಸ್ವಭಾವವೂ ಒಪ್ಪಬೇಕು. ತೋಟದ ಪೊದೆಯಲ್ಲಿ ಸಿಕ್ಕಿದ ಚಿರತೆಬೆಕ್ಕಿನ ಮರಿಯನ್ನು ಮುದ್ದಾಗಿದೆಯೆಂದು ಮನೆಗೆ ತಂದವರು ಅದು ಬೆಳೆದೊಡನೆ ಕಚ್ಚಿ ಪರಚಿ ಓಡಿಹೋಗುವುದನ್ನು ಕಾಣುವರು. ತಾಯಿ ಮೇವಿಗೆ ಹೋಗಿರುವಾಗ ಹಾಗೆ ಮರಿಯನ್ನು ಎತ್ತಿ ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ಕಂಡ ಮರಿಯನ್ನು ಕಂಡಲ್ಲಿಯೇ ಬಿಟ್ಟು ದೂರ ಸರಿದರೆ ರಾತ್ರಿ ತಾಯಿ ಬಂದು ಒಯ್ಯುವ ಸಂಭವವೇ ಹೆಚ್ಚು.

ಮನೆಬೆಕ್ಕು ಕೂಡ ಹುಟ್ಟಿನಿಂದಲೇ ಸಾಧುವೆಂದು ತಿಳಿಯಬಾರದು. ಸಾಧುತ್ವಕ್ಕೆ ಬೇಕಾದ ಒಲವು ಮಾತ್ರ ಹುಟ್ಟಿನಿಂದ ಬರುತ್ತದೆ. ಉಳಿದುದು ಮನೆಯವರ ಕೈಯಲ್ಲಿದೆ. ಮರಿಯ ಕಣ್ಣು ತೆರೆಯುವುದು ಏಳರಿಂದ ಹತ್ತು ದಿನಗಳಲ್ಲಿ. ಎರಡನೆಯ ವಾರದಿಂದ ಏಳನೆಯ ವಾರದವರೆಗಿನ ಕಾಲವೇ ಅದರ ಜೀವನದ ನಿರ್ಣಾಯಕ ಕಾಲ. ಈ ಅವಧಿಯಲ್ಲಿ ದಿನವೂ ಸ್ವಲ್ಪ ಹೊತ್ತು ಮನುಷ್ಯರ ಕೈಯಲ್ಲಿ ಆಡಿದ ಮರಿ ಜೀವಮಾನವೆಲ್ಲ ಮನುಷ್ಯರನ್ನು ನಂಬುತ್ತದೆ. ಮನುಷ್ಯರ ಮುಖವನ್ನೇ ನೋಡದೆ ಕಳೆದ ಮರಿ, ತಾಯಿ ಎಷ್ಟು ಸಾಧುವಾಗಿದ್ದರೂ, ಬಹುಮಟ್ಟಿಗೆ ಕಾಡುಬೆಕ್ಕಿನಂತೆಯೇ ಬೆಳೆಯುತ್ತದೆ. ಹಳೆಯ ಮನೆಗಳ ಮಕ್ಕಳು ಹಿರಿಯರ ಕಣ್ಣು ತಪ್ಪಿಸಿ ಅಟ್ಟವನ್ನೇರಿ ಮರಿಗಳನ್ನು ಮಡಿಲಲ್ಲಿ ಹಾಕಿಕೊಂಡು ಕೂತುಕೊಳ್ಳುತ್ತಿದ್ದರಲ್ಲವೆ, ಆ ತಂಟೆಯೇ ಬೆಕ್ಕಿನ ಸಾಕಣೆಯ ಮುಖ್ಯ ಭಾಗವಾಗಿತ್ತು. ಹಿರಿಯರಿಗೂ ಮಕ್ಕಳಿಗೂ ಇದು ಗೊತ್ತಿರಲಿಲ್ಲ. ಕೆಲಸ ಮಾತ್ರ ನಡೆದುಹೋಗುತ್ತಿತ್ತು.

ತಾಯಿ ಮರಿಯನ್ನು ಕತ್ತಿನಲ್ಲಿ ಹಿಡಿದೊಡನೆ ಮರಿ ಕೈಕಾಲುಗಳನ್ನು ಮಡಿಸಿ ಅಲುಗಾಡದೆ ಜೋತುಬೀಳುತ್ತದೆ. ಇದನ್ನೇ ನೋಡಿ ಶ್ರೀವೈಷ್ಣವ ಆಚಾರ್ಯರು ಮಾರ್ಜಾರಕಿಶೋರ ನ್ಯಾಯವೆಂಬ ಉಪಮಾನವನ್ನು ಕಂಡುಕೊಂಡರು. ಕೋತಿಯ ಮರಿ ತಾಯಿಯನ್ನು ತಾನೇ ಹಿಡಿದುಕೊಳ್ಳುತ್ತದೆ. ಬೆಕ್ಕಿನ ಮರಿಯನ್ನು ತಾಯಿಯೇ ಹಿಡಿದುಕೊಳ್ಳುತ್ತದೆ. ಭಗವಂತನ ಕೃಪೆ ಯಾವ ಬಗೆಯದೆಂಬ ದೊಡ್ಡ ಚರ್ಚೆಯಲ್ಲಿ ತೆಂಗಲೆಯವರು ಬೆಕ್ಕಿನ ಮರಿಯ ಪಕ್ಷವನ್ನೂ ವಡಗಲೆಯವರು ಕೋತಿಯ ಮರಿಯ ಪಕ್ಷವನ್ನೂ ಹಿಡಿದರು. ಬೆಕ್ಕು ನಮ್ಮ ವೇದಾಂತದವರೆಗೂ ಏರಿತೆಂದರೆ ಅದು ನಮ್ಮ ಅಟ್ಟದಲ್ಲಿ ಎಷ್ಟು ಕಾಲದಿಂದ ಮರಿಹಾಕುತ್ತ ಬಂದಿರಬೇಕು!

ಬೆಕ್ಕು ಮನೆಯನ್ನು ಪ್ರೀತಿಸುತ್ತದೆಯೇ ಹೊರತು ಮನುಷ್ಯರನ್ನಲ್ಲ ಎಂಬ ದೂರು ಹಳೆಯದು. ಇದರಲ್ಲಿ ಅರ್ಧ ಸತ್ಯವಿದೆ. ಕಾಡುಬೆಕ್ಕು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ಅದರ ಜೀವವೆಲ್ಲ ತನ್ನ ಎಲ್ಲೆಯ ಮೂಲೆಮೂಲೆಯ ಪರಿಚಯದ ಮೇಲೆ ನಿಂತಿದೆ. ಚೀಲದಲ್ಲಿ ಕಟ್ಟಿ ತಂದ ಬೆಕ್ಕನ್ನು ಹೊಸ ಮನೆಯ ಅಂಗಳದಲ್ಲಿ ಬಿಟ್ಟೊಡನೆ ಅದು ಹಳೆಯ ಮನೆಗೆ ಓಡಲು ಯತ್ನಿಸುವುದು ಈ ಕಾರಣದಿಂದ. ಕೆಲವು ದಿನ ಕೋಣೆಯಲ್ಲಿಟ್ಟು, ಅಲ್ಲಿಯೇ ಉಣಬಡಿಸಿ, ಆಮೇಲೆ ಹೊರಗೆ ಬಿಟ್ಟರೆ ಹೊಸ ಮನೆಯೇ ಅದರ ಎಲ್ಲೆಯಾಗುತ್ತದೆ. ದೂರಿನ ಇನ್ನರ್ಧವನ್ನು ಈಚಿನ ಪರೀಕ್ಷೆಗಳು ಅಲ್ಲಗಳೆದಿವೆ. 2019ರಲ್ಲಿ ಜಪಾನಿನ ವಿದ್ವಾಂಸರು ಬೆಕ್ಕುಗಳು ತಮ್ಮ ಹೆಸರನ್ನು ಬೇರೆ ಮಾತುಗಳಿಂದ ಬೇರ್ಪಡಿಸಿ ಗುರುತಿಸುತ್ತವೆಂದು ತೋರಿಸಿದರು. ಅದೇ ವರ್ಷ ಅಮೆರಿಕದಲ್ಲಿ ನಡೆದ ಪರೀಕ್ಷೆಯಲ್ಲಿ, ಅಪರಿಚಿತ ಕೋಣೆಯಲ್ಲಿ ಒಂಟಿಯಾಗಿ ಬಿಟ್ಟ ಮರಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು, ಸಾಕಿದವರು ಹಿಂದಿರುಗಿ ಬಂದೊಡನೆ ಸಮಾಧಾನಗೊಂಡು ಮತ್ತೆ ಆಟಕ್ಕೆ ತೊಡಗಿದುವು. ಇನ್ನೂ ಒಂದು ವಿಶೇಷ. ಬೆಳೆದ ಬೆಕ್ಕುಗಳು ತಮ್ಮತಮ್ಮೊಳಗೆ 'ಮಿಯಾಂವ್' ಎನ್ನುವುದು ಅಪರೂಪ. ಮರಿ ತಾಯಿಯನ್ನು ಕರೆಯುವ ಆ ದನಿಯನ್ನು ಬೆಕ್ಕು ದೊಡ್ಡದಾದ ಮೇಲೆಯೂ ಮನುಷ್ಯರಿಗಾಗಿ ಉಳಿಸಿಕೊಂಡಿದೆ. ಹೆಸರು ಕೇಳಿಸಿದರೂ ಅದು ಎದ್ದು ಬರದಿದ್ದರೆ, ಕಾರಣ ಕಿವಿಯಲ್ಲಿಲ್ಲ, ಇಚ್ಛೆಯಲ್ಲಿದೆ.

ಬೆಕ್ಕಿನ ಪ್ರಯೋಜನವು ಒಂದೊಂದು ವೇಳೆ ರಾಜ್ಯದ ಕಾರ್ಯವೂ ಆದುದುಂಟು. ಇಲಿಯ ಕಾಟವನ್ನು ತಡೆಯಲು ಕೃಷ್ಣದೇವರಾಯನು ಮನೆಮನೆಗೂ ಒಂದು ಬೆಕ್ಕನ್ನೂ ಅದರ ಹಾಲಿಗೆ ಒಂದು ಹಸುವನ್ನೂ ಕೊಟ್ಟನೆಂದೂ, ತೆನ್ನಾಲಿ ರಾಮಕೃಷ್ಣನು ಕುದಿಯುವ ಹಾಲಿನಿಂದ ಬೆಕ್ಕಿನ ಬಾಯಿ ಸುಟ್ಟು, ಹಾಲನ್ನು ಕಂಡರೆ ಓಡುವಂತೆ ಮಾಡಿ, ಹಸುವಿನ ಹಾಲನ್ನೆಲ್ಲ ತಾನೇ ಕುಡಿದನೆಂದೂ ಹೇಳುವ ಕಥೆಯನ್ನು ಕೇಳದ ಮಕ್ಕಳು ನಮ್ಮಲ್ಲಿ ಕಡಮೆ. ಕಥೆಯಲ್ಲಿ ನಗುವುದಕ್ಕೆ ಮೊದಲು ಆ ಬೆಕ್ಕಿನ ಬಾಯಿಯನ್ನು ನೆನೆಯುವವರು ಇನ್ನೂ ಕಡಮೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಅದೇ ವರ್ಷ ಪಾಲ್ ಲೂಯಿ ಸಿಮೋನ್ ಎಂಬ ಫ್ರೆಂಚ್ ವೈದ್ಯರು ರೋಗವನ್ನು ಇಲಿಯಿಂದ ಮನುಷ್ಯನಿಗೆ ದಾಟಿಸುವುದು ಇಲಿಯ ಮೈಮೇಲಿನ ಚಿಗಟವೆಂದು ಕಂಡುಹಿಡಿದರು. ಇಲಿಯೇ ಮೂಲವಾದರೆ ಬೆಕ್ಕೇ ಮದ್ದು ಎಂಬ ವಿಚಾರ ಹುಟ್ಟಿ, ಪ್ಲೇಗನ್ನು ತಡೆಯಲು ಬೆಕ್ಕುಗಳನ್ನು ಸಾಕಬೇಕೆಂದು ಬ್ಯೂಕನನ್ ಎಂಬ ಇಂಡಿಯನ್ ಮೆಡಿಕಲ್ ಸರ್ವಿಸಿನ ವೈದ್ಯರು 1908ರಲ್ಲಿ ಬರೆದರು. ಅವರ ಮಾತಿನಲ್ಲಿ ಸತ್ಯವಿತ್ತು; ಆದರೆ ಬೆಕ್ಕಿಗೂ ಪ್ಲೇಗು ತಗಲುತ್ತದೆ, ಅದರಿಂದ ಮನುಷ್ಯರಿಗೂ ಹರಡಬಹುದೆಂಬುದು ಈಗ ಗೊತ್ತಾಗಿದೆ. ಬೆಕ್ಕು ನಮ್ಮ ಸಹಾಯಕನೆಂಬುದು ನಿಜ. ಅದಕ್ಕೂ ಒಂದು ಮೈಯಿದೆ, ಆ ಮೈಗೂ ರೋಗವಿದೆ ಎಂಬುದನ್ನು ಮರೆಯಬಾರದು.

ಈಗ ಕೊನೆಯ ಪ್ರಶ್ನೆಗೆ ಬರೋಣ. ಬೆಕ್ಕಿಗೂ ನಮಗೂ ಇದ್ದ ಹಳೆಯ ಒಪ್ಪಂದ ಕಣಜದ ಒಪ್ಪಂದ. ಇಂದು ಆ ಕಣಜ ಹೋಗುತ್ತಿದೆ. ಹೆತ್ತೂರಿನ ಕಡೆಯಲ್ಲಿಯೂ ಅನೇಕ ಮನೆಗಳಲ್ಲಿ ಅಕ್ಕಿ ಅಂಗಡಿಯಿಂದ ಮೂಟೆಯಲ್ಲಿ ಬಂದು ಮುಚ್ಚಳದ ಡ್ರಮ್ಮನ್ನು ಸೇರುತ್ತದೆ. ಮಕ್ಕಳು ಓದಿಗೂ ಉದ್ಯೋಗಕ್ಕೂ ಬೆಂಗಳೂರನ್ನು ಸೇರಿದ್ದಾರೆ. ಇಲಿ ಕಂಡರೆ ಪಾಷಾಣದ ಪೊಟ್ಟಣ ಬರುತ್ತದೆ. ಪಟ್ಟಣಗಳಲ್ಲಿಯಂತೂ ಬೆಕ್ಕಿಗೆ ಕಾಯಲು ಏನೂ ಉಳಿದಿಲ್ಲ. ಅದು ತನ್ನ ಕೆಲಸವನ್ನು ಬಿಟ್ಟುದಲ್ಲ. ಕೆಲಸವೇ ಅದನ್ನು ಬಿಟ್ಟಿತು. ಹತ್ತು ಸಾವಿರ ವರ್ಷಗಳಿಂದ ನಮ್ಮನ್ನು ನಂಬಲು ಕಲಿತ ಪ್ರಾಣಿ ಈಗ ನಮ್ಮ ಅಕ್ಕರೆಯೊಂದನ್ನೇ ಜೀವನೋಪಾಯವಾಗಿ ಉಳ್ಳದ್ದಾಗಿದೆ. ಆದುದರಿಂದ ಆ ಅಕ್ಕರೆ ತಿಳಿವಳಿಕೆಯಿಂದ ಕೂಡಿರಬೇಕು.

ಮೊದಲನೆಯದು ಆಹಾರ. ಅನ್ನಹಾಲು ಹಾಕಿದರೆ ಬೆಕ್ಕನ್ನು ಸಾಕಿದಂತಾಯಿತೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಬೆಕ್ಕು ಮಾಂಸವನ್ನೇ ಆಶ್ರಯಿಸಿದ ಪ್ರಾಣಿ. ಟಾರೀನ್ ಎಂಬ ಪದಾರ್ಥವನ್ನು ಅದರ ಮೈ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಮಾಂಸ ಮೀನುಗಳಿಂದಲೇ ದೊರೆಯಬೇಕು. ಟಾರೀನ್ ಇಲ್ಲದೆ ಬೆಕ್ಕಿನ ಕಣ್ಣಿನ ಪಟಲ ಹಾಳಾಗಿ ದೃಷ್ಟಿ ಹೋಗುತ್ತದೆಂದು 1975ರಲ್ಲಿ ತಿಳಿದುಬಂದಿತು. ಸಸ್ಯಾಹಾರಿಗಳ ಮನೆಯ ಬೆಕ್ಕು ಅನ್ನಹಾಲಿನಿಂದಲೇ ಚೆನ್ನಾಗಿ ಬಾಳಿತೆಂದು ಹೇಳುವವರು ಅದು ರಾತ್ರಿ ಅಟ್ಟದಲ್ಲಿ ಮಾಡುತ್ತಿದ್ದ ಊಟವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಇಲಿಯಿಲ್ಲದ ಪಟ್ಟಣದ ಮನೆಯಲ್ಲಿ ಬಾಗಿಲು ಮುಚ್ಚಿ ಅನ್ನಹಾಲನ್ನೇ ಹಾಕಿದರೆ ಅದು ಉಪವಾಸಕ್ಕೆ ಸಮಾನ. ಹಾಲು ಕೂಡ ಬೆಳೆದ ಅನೇಕ ಬೆಕ್ಕುಗಳಿಗೆ ಜೀರ್ಣವಾಗದೆ ಭೇದಿಯನ್ನುಂಟುಮಾಡುತ್ತದೆ. ಶುದ್ಧವಾದ ನೀರೇ ಅವಕ್ಕೆ ಹಿತ.

ಎರಡನೆಯದು ಪಾಷಾಣ. ಈಗ ಬಳಕೆಯಲ್ಲಿರುವ ಇಲಿಯ ವಿಷಗಳಲ್ಲಿ ಹಲವು ರಕ್ತ ಹೆಪ್ಪುಗಟ್ಟದಂತೆ ಮಾಡುವ ಜಾತಿಯವು. ಅವನ್ನು ತಿಂದ ಇಲಿ ಒಡನೆಯೇ ಸಾಯದೆ ಕೆಲವು ದಿನ ಮಂಕಾಗಿ ಓಡಾಡುತ್ತದೆ. ಅಂಥ ಇಲಿಯೇ ಬೆಕ್ಕಿಗೆ ಎಲ್ಲಕ್ಕಿಂತ ಸುಲಭವಾಗಿ ಸಿಕ್ಕುವುದು. ಇಲಿಯ ಮೈಯಲ್ಲಿದ್ದ ವಿಷ ಬೆಕ್ಕಿನ ಮೈಗೆ ಹೋಗುತ್ತದೆ. ಬೆಕ್ಕನ್ನು ಸಾಕುವ ಮನೆಯಲ್ಲಿ ಪಾಷಾಣವನ್ನಿಡುವುದೆಂದರೆ ಕಾವಲುಗಾರನ ಊಟದಲ್ಲಿ ವಿಷ ಬೆರಸಿದಂತೆ. ಅಲ್ಲಿ ಇಲಿಬೋನೇ ಸರಿ. ಅಕಸ್ಮಾತ್ ವಿಷ ತಗಲಿದ ಅನುಮಾನವಿದ್ದರೆ ಪಶುವೈದ್ಯರಲ್ಲಿಗೆ ತಡಮಾಡದೆ ಒಯ್ಯಬೇಕು. ಈ ಜಾತಿಯ ವಿಷಕ್ಕೆ ಕೆ ಜೀವಸತ್ವದ ಚಿಕಿತ್ಸೆಯುಂಟು.

ಮೂರನೆಯದು ರೋಗ. ಹುಚ್ಚುನಾಯಿಯ ರೋಗ ಬೆಕ್ಕಿಗೂ ಬರುತ್ತದೆ, ಬೆಕ್ಕಿನಿಂದ ಮನುಷ್ಯರಿಗೂ ಬರುತ್ತದೆ. ಮರಿಗೆ ಮೂರು ತಿಂಗಳಾದಾಗ ಚುಚ್ಚುಮದ್ದು ಹಾಕಿಸಿ, ಆಮೇಲೆ ವೈದ್ಯರು ಹೇಳಿದ ಕಾಲಕ್ಕೆ ಮುಂದುವರಿಸಬೇಕು. ಕಚ್ಚಿದ ಪರಚಿದ ಗಾಯವನ್ನು ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು ವೈದ್ಯರನ್ನು ಕಾಣಬೇಕು. ಕಾಡಿನ ಅಂಚಿನ ಮನೆಗಳಲ್ಲಿ ಈ ಎಚ್ಚರಿಕೆ ಎರಡು ಪಟ್ಟು ಅಗತ್ಯ. ಏಕೆಂದರೆ ಮನೆಬೆಕ್ಕಿನ ರೋಗ ಕಾಡಿನ ಬೆಕ್ಕುಗಳಿಗೆ ಹರಡುವುದು ಸಾಧ್ಯ. ಅಂಥ ಮನೆಯ ಬೆಕ್ಕನ್ನು ರಾತ್ರಿ ಒಳಗಿಟ್ಟುಕೊಂಡರೆ ತೋಟದ ಹಕ್ಕಿಗಳಿಗೂ ಕ್ಷೇಮ. ಚಿರತೆಯ ಬಾಯಿಗೆ ಬೀಳದೆ ಬೆಕ್ಕಿಗೂ ಕ್ಷೇಮ.

ನಾಲ್ಕನೆಯದು, ನನ್ನ ಮಟ್ಟಿಗೆ ಮುಖ್ಯವಾದುದು, ಮರಿಗಳ ವಿಷಯ. ಹೆಣ್ಣುಬೆಕ್ಕು ಐದಾರು ತಿಂಗಳಿಗೇ ಗರ್ಭ ಧರಿಸಬಲ್ಲುದು. ಗರ್ಭದ ಅವಧಿ ಒಂಬತ್ತು ವಾರ. ವರ್ಷಕ್ಕೆ ಎರಡು ಮೂರು ಸೂಲು. ಕಣಜಗಳಿದ್ದ ಕಾಲದಲ್ಲಿ ಪ್ರತಿಯೊಂದು ಮರಿಗೂ ಕೇಳುವ ಮನೆಯಿತ್ತು. ಈಗ ಕೇಳುವವರಿಲ್ಲದ ಮರಿಗಳು ಚೀಲವನ್ನು ಸೇರುತ್ತವೆ. ಹಿಂದೆ ಅದೇ ಚೀಲ ಒಂದು ಒಲೆಯಿಂದ ಇನ್ನೊಂದು ಒಲೆಗೆ ಹೋಗುತ್ತಿತ್ತು. ಈಗ ಅದು ಸಂತೆಮಾಳದಲ್ಲಿಯೋ ದೇವಸ್ಥಾನದ ಹಿಂದೆಯೋ ರಸ್ತೆಯ ತಿರುವಿನಲ್ಲಿಯೋ ಬಿಚ್ಚಲ್ಪಡುತ್ತದೆ. ಕೊಂದ ಪಾಪ ಬರಬಾರದೆಂದು ಜನ ಹೀಗೆ ಮಾಡುತ್ತಾರೆ. ಆದರೆ ತಾಯಿಯಿಲ್ಲದೆ, ಎಲ್ಲೆಯ ಗುರುತಿಲ್ಲದೆ, ಮಳೆಯಲ್ಲಿ ಬಿಟ್ಟ ಮರಿಯ ಗತಿ ಏನೆಂಬುದು ಬಿಡುವವನಿಗೆ ಗೊತ್ತು. ಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಂದ ನರಳುವಂತೆ ಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿಯೂ ಅಪರಾಧ. ಇದಕ್ಕೆ ಸುಲಭವಾದ ಉಪಾಯ ಶಸ್ತ್ರಚಿಕಿತ್ಸೆಯಿಂದ ಸಂತಾನವನ್ನು ತಡೆಯುವುದು. ಪಶುವೈದ್ಯರು ಮಾಡುವ ಈ ಚಿಕಿತ್ಸೆಯಿಂದ ಬೆಕ್ಕಿನ ಆಯುಸ್ಸೂ ಹೆಚ್ಚುತ್ತದೆ, ಗಂಡುಬೆಕ್ಕುಗಳ ಜಗಳವೂ ಅಲೆದಾಟವೂ ಕಡಮೆಯಾಗುತ್ತವೆ.

ಪಟ್ಟಣದಲ್ಲಿರುವ ತಮ್ಮಲ್ಲಿ ಅನೇಕರ ಹಿರಿಯರ ಮನೆಗಳು ಹೆತ್ತೂರಿನಂಥ ಊರುಗಳಲ್ಲಿ ಇರಬಹುದು. ಮುಂದಿನ ರಜೆಯಲ್ಲಿ ಅಲ್ಲಿಗೆ ಹೋದಾಗ ಮನೆಯ ಬೆಕ್ಕಿನ ವಿಷಯವನ್ನೂ ಒಂದು ಮಾತು ವಿಚಾರಿಸಿ. ಇಲಿಯ ಪಾಷಾಣವನ್ನು ಎಲ್ಲಿಟ್ಟಿದ್ದಾರೆಂದು ಕೇಳಿ. ಸಮೀಪದ ಪಶುವೈದ್ಯಶಾಲೆಗೆ ಅದನ್ನು ಒಯ್ಯಲು ಹಿರಿಯರಿಗೆ ನೆರವಾಗಿ. ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ತಾವು ಬೆಕ್ಕನ್ನು ಸಾಕಬೇಕೆಂದಿದ್ದರೆ, ಸಾವಿರಾರು ರೂಪಾಯಿ ಕೊಟ್ಟು ಪರದೇಶದ ತಳಿಯನ್ನು ಕೊಳ್ಳುವುದಕ್ಕೆ ಮೊದಲು, ಹಿತ್ತಲಿನ ಗೋಡೆಯ ಮೇಲೆ ಕೂತು ತಮ್ಮ ಮನೆಯ ಕಡೆಗೆ ನೋಡುತ್ತಿರುವ ನಾಡಬೆಕ್ಕು ಯಾವುದಾದರೂ ಇದೆಯೇ ಎಂದು ನೋಡಿಕೊಳ್ಳಿ. ಅದು ಬಂದಿರುವುದು ತನ್ನ ಪೂರ್ವಿಕರು ಬಂದ ದಾರಿಯಲ್ಲಿಯೇ.